ಸಾಬೂನಿನ ಮೇಲೊಂದು ನಕಾಶೆ

ಕರಗಿಹೋಗುವ ಸಾಬೂನಿನಿಂದ ಕಲಾಕೃತಿಯೇ? 1996ರಲ್ಲಿ ಮೋನಾ ಹಾತೂಮ್ ಜೆರುಸಲೇಮಿನಲ್ಲಿ ಮಾಡಿದ್ದು ಅದನ್ನೇ.

1952ರಲ್ಲಿ ಬೈರೂತಿನ ಫೆಲೆಸ್ತೀನಿ ಕುಟುಂಬದಲ್ಲಿ ಜನಿಸಿದ ಈಕೆ 1975ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಲೆಬನಾನಿನಲ್ಲಿ ಅಂತರ್ಯುದ್ಧ ಆರಂಭವಾಯಿತು. ಮರಳಲಾಗಲಿಲ್ಲ, ಅಲ್ಲೇ ನೆಲೆಸಿದರು.

ನಾಬ್ಲುಸ್ ನಗರದಲ್ಲಿ ಆಲಿವ್ ಎಣ್ಣೆಯಿಂದ ಸಾಬೂನು ತಯಾರಿಸುವುದು ಶತಮಾನಗಳ ಕಸುಬು. ಆ ಸಾಬೂನಿನ ಎರಡು ಸಾವಿರಕ್ಕೂ ಹೆಚ್ಚು ತುಂಡುಗಳನ್ನು ಅವರು ನೆಲದ ಮೇಲೆ ಜೋಡಿಸಿದರು. ಪುಟ್ಟ ಕೆಂಪು ಗಾಜಿನ ಮಣಿಗಳನ್ನು ಅದರೊಳಗೆ ಒತ್ತಿ ನಕಾಶೆ ಬಿಡಿಸಿದರು. 1993ರ ಓಸ್ಲೋ ಒಪ್ಪಂದದಂತೆ ಫೆಲೆಸ್ತೀನಿಯರಿಗೆ ಮರಳಿಸಬೇಕಿದ್ದ ಭೂಮಿ ಅದು. ನೋಡಿದರೆ ದೇಶವೆನಿಸದು, ಅಲ್ಲೊಂದು ಇಲ್ಲೊಂದು ಚೂರು!

ಬಾಚಣಿಗೆಯಲ್ಲಿ ಉಳಿದ ಕೂದಲನ್ನು ನಾವು ಸುತ್ತಿ ಎಸೆಯುತ್ತೇವೆ. ಹಾತೂಮ್ 1999ರಲ್ಲಿ ಪೂರ್ಣಗೊಳಿಸಿದ ಇನ್ನೊಂದು ಕೃತಿಯಲ್ಲಿ, ಗಂಡಸರ ತಲೆವಸ್ತ್ರವಾದ ಕೆಫಿಯ್ಯದ ವಿನ್ಯಾಸ ಮೂಡಿರುವುದು ಹೆಂಗಸರ ಕೂದಲಿನಲ್ಲಿ. ಬಟ್ಟೆಯ ಅಂಚು ದಾಟಿ ಎಳೆಗಳು ಸಡಿಲವಾಗಿ ಇಳಿಬಿದ್ದಿವೆ.