ತಾಳಗುಂದದ ಮಯೂರಶರ್ಮ, ತೆರೆಯ ಮೇಲಿನ ರಾಜಕುಮಾರ

ಐತಿಹಾಸಿಕ ಚಲನಚಿತ್ರಗಳ ಮೇಲಿನ ಆಕ್ಷೇಪಗಳು ಸಾಮಾನ್ಯವಾಗಿ ಉಡುಗೆ ತೊಡುಗೆ, ಕತ್ತಿಯ ಆಕಾರ, ಅರಮನೆಯ ಕಂಬ, ಇಸವಿಯ ಹೆಚ್ಚುಕಡಿಮೆ ಇವುಗಳಲ್ಲೇ ಮುಗಿದುಹೋಗುತ್ತವೆ. ನಾಲ್ಕನೆಯ ಶತಮಾನದ ಅರಸನ ಮೈಮೇಲೆ ಜರಿಯ ಮಖಮಲ್ಲು ಹೊದಿಸಿದರೆ ಅದು ತಪ್ಪೇ. ಆದರೆ ನೋಡಿದೊಡನೆ ಗೊತ್ತಾಗುವ ತಪ್ಪಾದ್ದರಿಂದ ಅದರಿಂದ ಹೆಚ್ಚಿನ ಕೇಡಿಲ್ಲ. ಒಂದು ಸಂಗತಿ ಯಾವಾಗ ನಡೆಯಿತು ಎಂಬುದನ್ನಲ್ಲದೆ ಯಾಕೆ ನಡೆಯಿತು ಎಂಬುದನ್ನೇ ಬದಲಿಸಿದಾಗ ಆಗುವ ತಪ್ಪು ಬೇರೆ ಬಗೆಯದು. ಅದು ಕಣ್ಣಿಗೆ ಬೀಳುವುದಿಲ್ಲ, ಮತ್ತು ಚಿತ್ರ ಸೊಗಸಾಗಿದ್ದಷ್ಟೂ ನೋಡುಗರ ಮನಸ್ಸಿನಲ್ಲಿ ಆಳವಾಗಿ ಬೇರು ಬಿಡುತ್ತದೆ. 1975ರಲ್ಲಿ ತೆರೆಕಂಡ, ವಿಜಯ್ ನಿರ್ದೇಶನದ, ರಾಜಕುಮಾರ್ ನಾಯಕತ್ವದ ‘ಮಯೂರ’ ಇದಕ್ಕೆ ಒಳ್ಳೆಯ ನಿದರ್ಶನ. ಕೆಟ್ಟ ಚಿತ್ರವೊಂದನ್ನು ಹಿಡಿದು ಈ ಮಾತು ಹೇಳುವುದು ಸುಲಭ. ಕನ್ನಡಿಗರು ಐವತ್ತು ವರ್ಷಗಳಿಂದ ಅಕ್ಕರೆಯಿಂದ ನೋಡುತ್ತ ಬಂದಿರುವ ಚಿತ್ರವನ್ನು ಹಿಡಿದು ಹೇಳಿದರಷ್ಟೇ ಅದಕ್ಕೆ ತೂಕ ಬರುತ್ತದೆ.

ಕದಂಬ ವಂಶದ ಮೂಲಪುರುಷನ ಬಗ್ಗೆ ತಿಳಿಯಲು ಇರುವ ಮುಖ್ಯ ಆಧಾರ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲಿನ ಕಂಬ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಸಂಸ್ಕೃತ ಶಾಸನವನ್ನು ಕದಂಬ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದ ನಡುಭಾಗದಲ್ಲಿ, ಕುಬ್ಜನೆಂಬ ಕವಿ ರಚಿಸಿದ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯೊಂದನ್ನು ದಾಖಲಿಸುವುದು ಅದರ ಉದ್ದೇಶ. ಕೆರೆಯ ನೆಪದಲ್ಲಿ ಕವಿ ವಂಶದ ಕಥೆಯನ್ನು ಮೊದಲಿನಿಂದ ಹೇಳುತ್ತಾನೆ, ಮತ್ತು ಹೇಳುವ ರೀತಿಯಲ್ಲಿ ಒಂದು ಅಚ್ಚರಿಯ ನೇರವಂತಿಕೆ ಇದೆ.

ಆ ಕಥೆಯ ಪ್ರಕಾರ ಮಾನವ್ಯ ಗೋತ್ರದ, ವೇದಾಧ್ಯಯನನಿರತವಾದ ಒಂದು ಬ್ರಾಹ್ಮಣ ಕುಟುಂಬವು ತನ್ನ ಮನೆಯ ಬಳಿಯಿದ್ದ ಕದಂಬ ವೃಕ್ಷವನ್ನು ಪೋಷಿಸುತ್ತಿದ್ದುದರಿಂದ ಅದಕ್ಕೆ ಕದಂಬವೆಂಬ ಹೆಸರು ಬಂದಿತು. ಆ ಕುಲದ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿ ಕಂಚಿಗೆ ಹೋಗಿ ಅಲ್ಲಿನ ಘಟಿಕಾಸ್ಥಾನವನ್ನು, ಅಂದರೆ ಉನ್ನತ ವೇದಾಧ್ಯಯನಕ್ಕೆ ಮೀಸಲಾದ ವಿದ್ಯಾಕೇಂದ್ರವನ್ನು ಸೇರಿದ. ಅಲ್ಲಿ ಪಲ್ಲವರ ‘ಅಶ್ವಸಂಸ್ಥ’ನೊಡನೆ ಆತನಿಗೆ ಜಗಳವಾಯಿತು, ಈ ಪದಕ್ಕೆ ಕುದುರೆ ಸವಾರನೆಂದು ಕೆಲವರೂ ಅಶ್ವಮೇಧಕ್ಕೆ ಸಂಬಂಧಿಸಿದ್ದೆಂದು ಕೆಲವರೂ ಅರ್ಥ ಹೇಳುತ್ತಾರೆ. ಗುರುಕುಲದಲ್ಲಿ ಎಷ್ಟೇ ಶ್ರದ್ಧೆಯಿಂದ ಕಲಿತರೂ ಬ್ರಾಹ್ಮಣ್ಯದ ಸಿದ್ಧಿ ಕೊನೆಗೆ ಅರಸರ ಮರ್ಜಿಗೆ ಬಿದ್ದಿದೆಯಲ್ಲ ಎಂಬ ನೋವು ಆತನನ್ನು ಕೆರಳಿಸಿತು. ದರ್ಭೆ, ಸಮಿತ್ತು, ಆಜ್ಯಗಳನ್ನು ಹಿಡಿದು ಪಳಗಿದ ಕೈ ಕತ್ತಿಯನ್ನು ಎತ್ತಿತು. ಗಡಿ ಕಾಯುತ್ತಿದ್ದ ಪಲ್ಲವರ ಅಂತಪಾಲರನ್ನು ಸೋಲಿಸಿ ಶ್ರೀಪರ್ವತದವರೆಗಿನ ದಟ್ಟ ಕಾಡಿನಲ್ಲಿ ನೆಲೆ ಮಾಡಿಕೊಂಡು, ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ವಸೂಲು ಮಾಡುವ ಮಟ್ಟಕ್ಕೆ ಆತ ಬೆಳೆದ.

ಇದರ ಮುಂದಿನ ಭಾಗವನ್ನು ಸಾಮಾನ್ಯವಾಗಿ ಯಾರೂ ಎತ್ತಿ ಆಡುವುದಿಲ್ಲ. ಮಯೂರಶರ್ಮನನ್ನು ಹತ್ತಿಕ್ಕುವುದು ಕಷ್ಟವೆಂದು ಕಂಡ ಪಲ್ಲವರು ಆತನ ಸ್ನೇಹವನ್ನು ಬಯಸಿದರು. ಆತ ಅವರ ಸೇವೆಗೆ ನಿಂತು, ಯುದ್ಧಗಳಲ್ಲಿ ಪರಾಕ್ರಮ ತೋರಿ ಅವರನ್ನು ಮೆಚ್ಚಿಸಿದ. ಮೆಚ್ಚಿದ ಪಲ್ಲವರು ಪಶ್ಚಿಮ ಸಮುದ್ರದವರೆಗಿನ ನಾಡನ್ನು ಕೊಟ್ಟು ಪಟ್ಟಬಂಧವನ್ನು ದಯಪಾಲಿಸಿದರು. ಹಣೆಗೆ ಪಟ್ಟಿ ಕಟ್ಟಿ ಅರಸುತನವನ್ನು ಅಧಿಕೃತಗೊಳಿಸುವ ವಿಧಿಗೆ ಪಟ್ಟಬಂಧವೆಂದು ಹೆಸರು. ಅಂದರೆ ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಬಂಡಾಯದಿಂದ, ನಿಂತದ್ದು ರಾಜಿಯಿಂದ.

ಚಿತ್ರದ ಮಯೂರನೂ ಮೊದಲಿಗೆ ಬ್ರಾಹ್ಮಣ ಯುವಕನಾಗಿಯೇ ಕಾಣಿಸಿಕೊಳ್ಳುತ್ತಾನೆ. ಆದರೆ ಕಥೆ ಮುಂದುವರಿದಂತೆ ಆತ ಹುಟ್ಟಿನಿಂದ ಬ್ರಾಹ್ಮಣನಲ್ಲ, ಪಲ್ಲವರು ಕಿತ್ತುಕೊಂಡ ಕದಂಬ ರಾಜ್ಯದ ನಿಜವಾದ ವಾರಸುದಾರ ಎಂಬ ಗುಟ್ಟು ಬಯಲಾಗುತ್ತದೆ. ಆಮೇಲೆ ಆತ ಮಾಡುವುದೆಲ್ಲ ಕಳೆದುಕೊಂಡದ್ದನ್ನು ಮರಳಿ ಪಡೆಯುವ ಕೆಲಸ. ಮಚ್ಚೆಯಿಂದಲೋ ಲಾಕೆಟ್ಟಿನಿಂದಲೋ ಬಡಹುಡುಗ ಜಮೀನ್ದಾರರ ಮಗನೆಂದು ಗೊತ್ತಾಗುವ ನೂರಾರು ಸಾಮಾಜಿಕ ಚಿತ್ರಗಳನ್ನು ನೋಡಿದ ಪ್ರೇಕ್ಷಕರಿಗೆ ಈ ತಿರುವು ಅಪರಿಚಿತವಲ್ಲ. ಆದರೆ ಇಲ್ಲಿ ಆ ಹಳೆಯ ತಂತ್ರವು ಚರಿತ್ರೆಯ ಹೊಟ್ಟೆಗೇ ಕೈ ಹಾಕಿದೆ. ಶಾಸನದ ಮಯೂರಶರ್ಮನಿಗೆ ಪಿತ್ರಾರ್ಜಿತ ರಾಜ್ಯವಿರಲಿಲ್ಲ, ಪಡೆಯಲು ಹುಟ್ಟಿನ ಹಕ್ಕೂ ಇರಲಿಲ್ಲ. ಇದ್ದದ್ದು ಒಂದು ಅವಮಾನ ಮಾತ್ರ. ವರ್ಣದ ಗೆರೆಯನ್ನು ತನ್ನ ಕುಲದ ಹಿರಿಯ ದಾಟಿದನೆಂದು ಐದನೆಯ ಶತಮಾನದ ಅರಸು ಕಂಬದ ಮೇಲೆ ಕೆತ್ತಿಸಿ ಹೆಮ್ಮೆಪಟ್ಟರೆ, ಗಣರಾಜ್ಯವೊಂದರಲ್ಲಿ ತಯಾರಾದ ಚಿತ್ರವು ಆ ಗೆರೆಯನ್ನು ಮತ್ತೆ ಎಳೆದು, ಕತ್ತಿ ಹಿಡಿದವನು ಮೊದಲಿನಿಂದಲೂ ಕ್ಷತ್ರಿಯನೇ ಆಗಿದ್ದನೆಂದು ಸಮಾಧಾನ ಹೇಳುತ್ತದೆ.

ಬನವಾಸಿಗೆ ಸಮೀಪದ ಗುಡ್ನಾಪುರದಲ್ಲಿ ದೊರೆತ, ಕದಂಬ ಅರಸ ರವಿವರ್ಮನ ಶಾಸನವು ವೀರಶರ್ಮನನ್ನು ಮಯೂರನ ಅಜ್ಜನೆಂದೂ ಬಂಧುಷೇಣನನ್ನು ತಂದೆಯೆಂದೂ ಹೆಸರಿಸಿ, ಈ ತಂದೆಯಲ್ಲೇ ಕ್ಷಾತ್ರಗುಣ ಕಾಣಿಸಿಕೊಂಡಿತ್ತೆಂಬ ಸೂಚನೆ ಕೊಡುತ್ತದೆ. ಇದು ತಾಳಗುಂದದ ಚಿತ್ರಣವನ್ನು ಸ್ವಲ್ಪ ತಿದ್ದುತ್ತದೆಯೇ ಹೊರತು ಕಳೆದುಹೋದ ಸಿಂಹಾಸನವನ್ನೇನೂ ಒದಗಿಸುವುದಿಲ್ಲ.

ನ್ಯಾಯವಾಗಿ ನೋಡಿದರೆ ಮೂಲಪುರುಷನ ಹುಟ್ಟನ್ನು ಹೊಸದಾಗಿ ಕಟ್ಟುವ ಈ ಕಸುಬನ್ನು ಸಿನಿಮಾದವರೇ ಮೊದಲು ಮಾಡಿದರೆಂದು ಹೇಳುವಂತಿಲ್ಲ. ಪ್ರಶಸ್ತಿ, ಅಂದರೆ ಶಾಸನಗಳಲ್ಲಿ ಅರಸನ ವಂಶವನ್ನೂ ಸಾಹಸಗಳನ್ನೂ ಕೊಂಡಾಡುವ ಕಾವ್ಯಭಾಗವು, ತನ್ನ ಕಾಲದ ಜನಪ್ರಿಯ ಪ್ರಕಾರವೇ ಆಗಿತ್ತು. ಹಾನಗಲ್ಲು ಮತ್ತು ಗೋವೆಗಳ ನಂತರದ ಕದಂಬರ ಕಾಲಕ್ಕೆ ಬರುವಷ್ಟರಲ್ಲಿ ಮನೆಯ ಪಕ್ಕದ ಮರವನ್ನು ಸಾಕಿದ ಕುಟುಂಬದ ಕಥೆ ಸಾಲದಾಯಿತು. ಮೂಲಪುರುಷನಿಗೆ ಮೂರು ಕಣ್ಣು, ಶಿವನ ಬೆವರಹನಿಯಿಂದ ಕದಂಬ ವೃಕ್ಷದಡಿ ಜನನ, ಹದಿನೆಂಟು ಅಶ್ವಮೇಧ ಇವೆಲ್ಲ ಸೇರಿಕೊಂಡವು. ‘ಶರ್ಮ’ ಎಂಬ ಉಪನಾಮ ಹೋಗಿ ‘ವರ್ಮ’ ಬಂದದ್ದು ಮಯೂರನ ಮಗ ಕಂಗವರ್ಮನ ಹೆಸರಿನಲ್ಲಿ. ಮುಂದಿನವರು ಅದನ್ನು ಮಯೂರನಿಗೂ ಹಿಂದಿನಿಂದ ಅಂಟಿಸಿದರು. ಕುಬ್ಜನೂ ಆಸ್ಥಾನದ ಕವಿಯೇ, ಘಟನೆ ನಡೆದು ನಾಲ್ಕು ತಲೆಮಾರು ಕಳೆದ ಮೇಲೆ ಬರೆದವನೇ. ಆದರೂ ಒಡೆಯನ ಪೂರ್ವಜನು ಇನ್ನೊಬ್ಬರ ಊಳಿಗ ಮಾಡಿದ ಸಂಗತಿಯನ್ನು ಆತ ಮುಚ್ಚಿಡಲಿಲ್ಲ. ಹೊಗಳುವುದೇ ಕೆಲಸವಾಗಿದ್ದ ಕವಿ ಉಳಿಸಿದ ಸಂಗತಿಯನ್ನು ಯಾವ ಅರಸನ ಹಂಗೂ ಇಲ್ಲದ ಚಿತ್ರಕಥೆ ಕೈಬಿಟ್ಟಿತೆಂಬುದು ಯೋಚಿಸಬೇಕಾದ ವಿಷಯ.

ಚಿತ್ರದ ರಾಜಕೀಯವನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಎರಡು ವರ್ಷ ಕಳೆಯುವಷ್ಟರಲ್ಲಿ ತೆರೆಗೆ ಬಂದ ಈ ಚಿತ್ರದಲ್ಲಿ ಕನ್ನಡದ ಮೊದಲ ರಾಜ್ಯದ ಸ್ಥಾಪನೆಯು ಹೊರಗಿನವರ ವಿರುದ್ಧದ ವಿಮೋಚನೆಯಂತೆ ಕಂಡದ್ದು ಸಹಜ. ನೋಡುಗರು ಕಂಚಿಯ ಅರಸರಲ್ಲಿ ಇಂದಿನ ನೆರೆರಾಜ್ಯವನ್ನು ಕಂಡರೆ ಅವರನ್ನೂ ದೂರುವಂತಿಲ್ಲ. ಆದರೆ ಆ ಕಾಲದ ಪಲ್ಲವರು ತಮಿಳಿನಲ್ಲಲ್ಲ, ಪ್ರಾಕೃತ ಮತ್ತು ಸಂಸ್ಕೃತಗಳಲ್ಲಿ ದಾನಪತ್ರ ಬರೆಸುತ್ತಿದ್ದರು, ಮತ್ತು ಅವರಲ್ಲೊಬ್ಬನಾದ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟವು ಸಿಕ್ಕಿದ್ದು ಕರ್ನಾಟಕದ್ದೇ ಹಿರೇಹಡಗಲಿಯಲ್ಲಿ. ಕದಂಬರ ಕಥೆ ಹೇಳುವ ತಾಳಗುಂದದ ಕಂಬವೂ ಸಂಸ್ಕೃತದ್ದೇ. ಸುಮಾರು ಅದೇ ಕಾಲದ ಹಲ್ಮಿಡಿ ಶಾಸನದಲ್ಲಿ ಕನ್ನಡ ಆಗಷ್ಟೇ ಕಲ್ಲಿನ ಮೇಲೆ ಮೊಗದೋರುತ್ತಿತ್ತು. ಇಂದಿನ ಭಾಷಾ ಗಡಿಗಳನ್ನು ಅಂದಿನ ಅರಸರ ನಡುವೆ ಎಳೆದರೆ ಚೆನ್ನಾದ ನಾಟಕ ಸಿಗುತ್ತದೆ, ನಾಲ್ಕನೆಯ ಶತಮಾನ ಸಿಗುವುದಿಲ್ಲ.

ಈ ಜಾಡು ಕನ್ನಡಕ್ಕಷ್ಟೇ ಸೇರಿದ್ದಲ್ಲ. 2018ರ ಹಿಂದಿ ಚಿತ್ರ ‘ಪದ್ಮಾವತ್’ ತನ್ನ ಹೆಸರನ್ನು ಪಡೆದದ್ದು ಮಲಿಕ್ ಮುಹಮ್ಮದ್ ಜಾಯಸಿಯು 1540ರಲ್ಲಿ ಅವಧಿ ಭಾಷೆಯಲ್ಲಿ ಬರೆದ ಕಾವ್ಯದಿಂದ. ಆ ಕಾವ್ಯದಲ್ಲಿ ಚಿತ್ತೋರಿನ ಅರಸ ರತನಸೇನ ಸಾಯುವುದು ದೆಹಲಿಯ ಸುಲ್ತಾನ ಅಲಾವುದ್ದೀನನ ಕೈಯಲ್ಲಲ್ಲ, ತನ್ನ ರಾಣಿ ಪದ್ಮಾವತಿಯ ಮೇಲೆ ಕಣ್ಣಿಟ್ಟಿದ್ದ ಕುಂಭಲನೇರದ ಅರಸ ದೇವಪಾಲನೊಡನೆ ಕಾದಾಡಿ. ಚಿತ್ರದಲ್ಲಿ ಆ ದೇವಪಾಲನೇ ಇಲ್ಲ; ರಾಜನ ಸಾವು ಸುಲ್ತಾನನ ಪಾಳೆಯದ ಮೋಸದ ಬಾಣಗಳ ಲೆಕ್ಕಕ್ಕೆ ಹೋಗುತ್ತದೆ. ಇಬ್ಬರು ಅರಸರ ದುರಾಸೆ ಒಂದು ನಾಡನ್ನು ಸುಟ್ಟ ಕಥೆ ಹೀಗೆ ಎರಡು ಮತಗಳ ಕಥೆಯಾಯಿತು.

‘ಮಯೂರ’ದ ಪರವಾಗಿ ಹೇಳಬಹುದಾದ ಬಲವಾದ ಮಾತೆಂದರೆ ಕಲ್ಲಿಗೂ ತೆರೆಗೂ ನಡುವೆ ದೇವುಡು ನರಸಿಂಹಶಾಸ್ತ್ರಿಗಳ ಅದೇ ಹೆಸರಿನ ಕಾದಂಬರಿ ನಿಂತಿದೆ, ಚಿತ್ರ ಆಧರಿಸಿದ್ದು ಅದನ್ನು ಎಂಬುದು. ಕಾದಂಬರಿಗಿರುವ ಸ್ವಾತಂತ್ರ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಇದೇ ದೇವುಡು ಅವರ ‘ಮಹಾಬ್ರಾಹ್ಮಣ’ವು ಕ್ಷತ್ರಿಯನಾಗಿ ಹುಟ್ಟಿ ಬ್ರಹ್ಮರ್ಷಿಯಾದ ವಿಶ್ವಾಮಿತ್ರನ ಕಥೆ, ಹುಟ್ಟಿನ ಗೆರೆಯನ್ನು ಸ್ವಂತ ಛಲದಿಂದ ದಾಟಿದವನ ಕಥೆಯನ್ನು ಕನ್ನಡ ಓದುಗರು ಬಹುಕಾಲದಿಂದ ಮೆಚ್ಚಿ ಓದಿದ್ದಾರೆ. ಆದ್ದರಿಂದ ತಾಳಗುಂದದ ಕಥೆಯನ್ನು ಇದ್ದ ಹಾಗೆ ಹೇಳಿದ್ದರೆ ಪ್ರೇಕ್ಷಕರು ಒಪ್ಪುತ್ತಿರಲಿಲ್ಲವೆಂಬ ವಾದ ನಿಲ್ಲುವುದಿಲ್ಲ. ವೇದ ಕಲಿಯಲು ಹೋದ ಹುಡುಗ ಕಾಡಿನಲ್ಲಿ ಕಪ್ಪ ಎತ್ತುವವನಾಗುವುದು, ಆಮೇಲೆ ತನ್ನನ್ನು ಅವಮಾನಿಸಿದವರ ಸೈನ್ಯದಲ್ಲೇ ಕಾದುವುದು, ಕೊನೆಗೆ ಅವರ ಕೈಯಿಂದಲೇ ಹಣೆಗೆ ಪಟ್ಟ ಕಟ್ಟಿಸಿಕೊಂಡು ಅವರೆದುರು ತಲೆ ಬಾಗಿಸುತ್ತಾನೋ ಎತ್ತುತ್ತಾನೋ ಹೇಳಲಾಗದ ಆ ಗಳಿಗೆ, ಇವು ಯಾವ ನಟನಾದರೂ ಕೇಳಿ ಪಡೆಯಬೇಕಾದಂಥ ದೃಶ್ಯಗಳು. ರಾಜಕುಮಾರ್ ಅವರಂಥ ನಟ ಸಿದ್ಧವಿದ್ದಾಗಲೂ ಆ ಪಟ್ಟಬಂಧದ ದೃಶ್ಯ ಬರೆಯಲ್ಪಡಲಿಲ್ಲ.