ಮನೆಯಲ್ಲೇ ಫೋಟೊ ಪ್ರಿಂಟ್: ಮತ್ತೆ ಬಂದ 36ರ ಲೆಕ್ಕ

ಮಹಾನಗರದ ಕನ್ನಡ ಸಂಘಗಳ ಯಾವುದೇ ಕಾರ್ಯಕ್ರಮವಿರಲಿ, ಅರಸಿನ ಕುಂಕುಮವಿರಲಿ, ಮಕ್ಕಳ ಪ್ರತಿಭಾ ಪುರಸ್ಕಾರವಿರಲಿ, ವೇದಿಕೆಯ ಮುಂದೆ ಮೊಬೈಲ್ ಎತ್ತಿ ಹಿಡಿದ ಕೈಗಳದ್ದೇ ಸಾಲು. ಮನೆ ಮುಟ್ಟುವಷ್ಟರಲ್ಲಿ ನೂರಾರು ಚಿತ್ರಗಳು ವಾಟ್ಸಾಪ್ ಗುಂಪಿಗೆ ಬಿದ್ದಿರುತ್ತವೆ. ಆದರೆ ಸ್ಮರಣ ಸಂಚಿಕೆ ತರಲು ಹೊರಟು, ಹತ್ತು ವರ್ಷ ಹಿಂದಿನ ಒಂದು ಒಳ್ಳೆಯ ಚಿತ್ರ ಬೇಕೆಂದರೆ ಹುಡುಕಾಟ ಶುರು. ಆಗಿನ ಕಾರ್ಯದರ್ಶಿಯ ಫೋನ್ ಲೋಕಲ್ ರೈಲಿನಲ್ಲಿ ಕಳೆದಿರುತ್ತದೆ, ಕೋಶಾಧಿಕಾರಿಯ ಫೋನ್ ಕೆಟ್ಟಿರುತ್ತದೆ. ವಿಚಿತ್ರವೆಂದರೆ, 1980ರ ದಶಕದ ಚಿತ್ರಗಳು ಮಾತ್ರ ಸಿಗುತ್ತವೆ. ಅವು ಹಿರಿಯ ಸದಸ್ಯರ ಕಪಾಟಿನ ಆಲ್ಬಮ್‌ನಲ್ಲಿ ಭದ್ರವಾಗಿರುತ್ತವೆ.

ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬಲ್ಲ ಸಾಧನವೆಂದರೆ ಮನೆಯಲ್ಲಿ ಇಟ್ಟುಕೊಳ್ಳುವ ಕಿರು ಫೋಟೊ ಪ್ರಿಂಟರ್. ಹೆಚ್ಚು ಬಳಕೆಯಲ್ಲಿರುವುದು ಕ್ಯಾನನ್ ಕಂಪೆನಿಯ ಸೆಲ್ಫಿ ಶ್ರೇಣಿ. (ಫೋನಿನ ಸೆಲ್ಫಿಗೂ ಇದಕ್ಕೂ ಸಂಬಂಧವಿಲ್ಲ, ಈ ಹೆಸರು ಆ ಪದ ಜನಪ್ರಿಯವಾಗುವ ಮೊದಲೇ, 2000ರ ದಶಕದಲ್ಲಿಯೇ ಬಂದದ್ದು.) 2022ರಲ್ಲಿ ಬಂದ ಸಿಪಿ1500 ಮಾದರಿ ಒಂದು ಕಿಲೋಗಿಂತ ಕಡಿಮೆ ತೂಕದ್ದು. ವೈಫೈ ಮೂಲಕ ಫೋನಿನಿಂದಲೇ ಚಿತ್ರ ಕಳುಹಿಸಬಹುದು, ಒಂದು ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟ್ ಒಂದು ನಿಮಿಷದೊಳಗೆ ಕೈಗೆ ಬರುತ್ತದೆ.

ಇದರಲ್ಲಿ ದ್ರವರೂಪದ ಶಾಯಿಯೇ ಇಲ್ಲ. ತೆಳ್ಳಗಿನ ರಿಬ್ಬನ್ ಮೇಲೆ ಬಣ್ಣ ಲೇಪಿಸಿರುತ್ತಾರೆ. ಬಿಸಿಯಾದ ಪ್ರಿಂಟ್ ಹೆಡ್ ಆ ಬಣ್ಣವನ್ನು ಹಾಳೆಗೆ ಇಳಿಸುತ್ತದೆ. ಮೊದಲು ಹಳದಿ, ಬಳಿಕ ಮೆಜೆಂಟಾ, ಆಮೇಲೆ ಸಯಾನ್, ಕೊನೆಗೆ ಪಾರದರ್ಶಕ ರಕ್ಷಾ ಲೇಪ. ಹಾಳೆ ಹೀಗೆ ನಾಲ್ಕು ಬಾರಿ ಹಿಂದೆ ಮುಂದೆ ಓಡಾಡುತ್ತದೆ. ಹಾಗಾಗಿ ಯಂತ್ರದ ಹಿಂಬದಿಯಲ್ಲೂ ಒಂದಿಷ್ಟು ಜಾಗ ಬಿಡಬೇಕು, ಚಿಕ್ಕ ಖೋಲಿಯ ಗೋಡೆಗೆ ಒತ್ತಿ ಇಟ್ಟರೆ ಹಾಳೆ ಸಿಕ್ಕಿಬೀಳುತ್ತದೆ. ದೂಳು ಕುಳಿತರೆ ಚಿತ್ರದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ.

ಇಂಕ್‌ಜೆಟ್ ಪ್ರಿಂಟರ್ ಕೊಂಡು ಕೈಸುಟ್ಟುಕೊಂಡ ಮನೆಗಳು ಹಲವು. ಮೂರು ತಿಂಗಳು ಮುಟ್ಟದೆ ಬಿಟ್ಟರೆ ಶಾಯಿ ಒಣಗಿ ನಳಿಕೆ ಕಟ್ಟಿಕೊಳ್ಳುತ್ತದೆ. ರಿಬ್ಬನ್ ಯಂತ್ರಕ್ಕೆ ಆ ಕಾಟವಿಲ್ಲ. ಗಣೇಶ ಚತುರ್ಥಿಗೆ ಬಳಸಿ ಸಂಕ್ರಾಂತಿಯವರೆಗೆ ಮುಚ್ಚಿಟ್ಟರೂ ನಡೆದೀತು. ಸಾಮಾನ್ಯ ಕುಟುಂಬಕ್ಕೆ ಇದೇ ದೊಡ್ಡ ಅನುಕೂಲ.

ಖರ್ಚಿನ ಲೆಕ್ಕವೂ ನೇರ. ಹಾಳೆ ಮತ್ತು ರಿಬ್ಬನ್ ಒಟ್ಟಿಗೇ ಬರುತ್ತವೆ. 108 ಹಾಳೆಯ ಪೊಟ್ಟಣದಲ್ಲಿ ಮೂರು ರಿಬ್ಬನ್, ಪ್ರತಿ ರಿಬ್ಬನ್‌ಗೆ 36 ಪ್ರಿಂಟ್. ಪೊಟ್ಟಣದ ಬೆಲೆಯನ್ನು 108ರಿಂದ ಭಾಗಿಸಿದರೆ ಒಂದು ಪ್ರಿಂಟಿನ ಖರ್ಚು ಸಿಕ್ಕಿತು. ಕಪ್ಪು ಚಿತ್ರಕ್ಕೆ ಹೆಚ್ಚು, ಬಿಳಿ ಚಿತ್ರಕ್ಕೆ ಕಡಿಮೆ ಎಂಬುದಿಲ್ಲ. ಆದರೆ ಲ್ಯಾಬಿನ ದರಕ್ಕಿಂತ ಇದು ದುಬಾರಿಯೇ. ಮದುವೆಯ ಐನೂರು ಚಿತ್ರಗಳನ್ನು ಇದರಲ್ಲಿ ತೆಗೆಯಲು ಹೋಗುವುದು ಜಾಣತನವಲ್ಲ, ಅದಕ್ಕೆ ಲ್ಯಾಬೇ ಸರಿ.

ಹಿರಿಯರಿಗೆ 36 ಎಂಬ ಸಂಖ್ಯೆ ಪರಿಚಿತ. ಹಿಂದೆ ಫಿಲ್ಮ್ ರೋಲಿನಲ್ಲಿಯೂ 36 ಚಿತ್ರಗಳೇ. ಊರಿಗೆ ಹೋಗುವಾಗ ಒಂದು ರೋಲ್ ಕೊಂಡು, ಭೂತಕೋಲಕ್ಕೆ ಇಷ್ಟು, ತೊಟ್ಟಿಲು ಶಾಸ್ತ್ರಕ್ಕೆ ಇಷ್ಟು ಎಂದು ಎಣಿಸಿ ಒತ್ತುತ್ತಿದ್ದರು. ಈಗ ತೆಗೆಯುವಾಗ ಇಲ್ಲದ ಎಣಿಕೆ ಮುದ್ರಿಸುವಾಗ ಮರಳಿ ಬಂದಿದೆ. ಒಂದು ಕಾರ್ಯಕ್ರಮಕ್ಕೆ ಒಂದು ರಿಬ್ಬನ್ ಎಂದು ಸಂಘದವರು ನಿಶ್ಚಯಿಸಿದರೆ, ಯಾವ 36 ಚಿತ್ರ ಉಳಿಯಬೇಕೆಂದು ಕುಳಿತು ಆರಿಸಲೇಬೇಕಾಗುತ್ತದೆ. ಬರೇ ಮುಖ್ಯ ಅತಿಥಿಗೆ ಶಾಲು ಹೊದಿಸುವ ಚಿತ್ರಗಳಲ್ಲೇ ರಿಬ್ಬನ್ ಮುಗಿಸದೆ, ಅಡುಗೆ ಮನೆಯಲ್ಲಿ ದುಡಿದವರನ್ನೂ ಹಿಂದಿನ ಸಾಲಿನ ಅಜ್ಜಿಯರನ್ನೂ ಸೇರಿಸಿದರೆ ಮುಂದಿನ ಸಂಚಿಕೆಗೆ ಅದೇ ಆಸ್ತಿ.

ಗುಂಪು ಚಿತ್ರ ತೆಗೆಯುವವರು ಒಂದು ಸಂಗತಿ ಗಮನಿಸಬೇಕು. ಫೋನಿನ ಚಿತ್ರದ ಅಳತೆ ಸಾಮಾನ್ಯವಾಗಿ 4:3, ಈ ಹಾಳೆಯ ಅಳತೆ 148 ಮಿ.ಮೀ. ಉದ್ದ, 100 ಮಿ.ಮೀ. ಅಗಲ. ಅಡ್ಡ ಚಿತ್ರವನ್ನು ಹಾಳೆ ತುಂಬ ಮುದ್ರಿಸಿದರೆ ಮೇಲೆ ಕೆಳಗೆ ಸೇರಿ ಸುಮಾರು ಹತ್ತನೇ ಒಂದು ಪಾಲು ಕತ್ತರಿಸಿಹೋಗುತ್ತದೆ. ಹಿಂದೆ ಕುರ್ಚಿ ಮೇಲೆ ನಿಂತವರ ತಲೆಗೇ ಮೊದಲ ಸಂಚಕಾರ. ತೆಗೆಯುವಾಗಲೇ ಮೇಲೆ ಜಾಗ ಬಿಡುವುದು ಒಳ್ಳೆಯದು. ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿ ಬಂದ ಚಿತ್ರದ ಬದಲು ತೆಗೆದವರಿಂದ ಮೂಲ ಚಿತ್ರವನ್ನೇ ಕೇಳಿ ಪಡೆಯಬೇಕು.

ಇನ್ನೂ ಚಿಕ್ಕ ಯಂತ್ರಗಳೂ ಇವೆ. 2016ರಲ್ಲಿ ಬಂದ ಎಚ್‌ಪಿ ಸ್ಪ್ರಾಕೆಟ್‌ನಲ್ಲಿ ರಿಬ್ಬನ್ ಇಲ್ಲ, ಬಣ್ಣದ ಹರಳುಗಳು ಹಾಳೆಯೊಳಗೇ ಇರುತ್ತವೆ. 2019ರ ಫ್ಯೂಜಿಫಿಲ್ಮ್ ಇನ್‌ಸ್ಟ್ಯಾಕ್ಸ್ ಮಿನಿ ಲಿಂಕ್ ನಿಜವಾದ ಫಿಲ್ಮ್ ಮೇಲೆಯೇ ಚಿತ್ರ ಮೂಡಿಸುತ್ತದೆ, ಅದು ಕ್ರೆಡಿಟ್ ಕಾರ್ಡಿನಷ್ಟು ದೊಡ್ಡದು. ಕಾಲೇಜು ಮಕ್ಕಳಿಗೆ ಮೋಜು. ನಲವತ್ತು ಜನರ ಗುಂಪು ಚಿತ್ರ ಮಾತ್ರ ಅದರಲ್ಲಿ ಸಾಸಿವೆ ಕಾಳು ಚೆಲ್ಲಿದಂತೆ ಕಂಡೀತು.

ಕಾಗದದ ಪ್ರತಿಯೂ ಶಾಶ್ವತವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ನೆಲಮಹಡಿಯ ಎಷ್ಟೋ ಮನೆಗಳ ಆಲ್ಬಮ್‌ಗಳು ಕೆಸರಾದವು. ಆದ್ದರಿಂದ ಮುಖ್ಯ ಚಿತ್ರಗಳನ್ನು ಎರಡೆರಡು ಪ್ರತಿ ತೆಗೆದು, ಹಿಂಬದಿಯಲ್ಲಿ ಹೆಸರು, ಇಸವಿ ಬರೆದು, ಒಂದನ್ನು ಇಲ್ಲಿಟ್ಟು ಇನ್ನೊಂದನ್ನು ಊರಿನ ಮನೆಗೆ ಕಳುಹಿಸುವುದು ಸೂಕ್ತ. ಫೋನ್ ಬಳಸಲು ಬಾರದ ಊರಿನ ಹಿರಿಯರಿಗೆ ಮೊಮ್ಮಕ್ಕಳ ಮುಖ ನೋಡಲು ಅದೇ ದಾರಿ.

ಮುಗಿದ ರಿಬ್ಬನ್ ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿದರೆ, ಮುದ್ರಿಸಿದ ಪ್ರತಿ ಚಿತ್ರವೂ ನೆಗೆಟಿವ್‌ನಂತೆ ಅದರಲ್ಲಿ ಉಳಿದಿರುವುದು ಕಾಣುತ್ತದೆ. ಮನೆಯವರ ಚಿತ್ರಗಳಿದ್ದರೆ ಅದನ್ನು ಕತ್ತರಿಸಿಯೇ ಕಸಕ್ಕೆ ಹಾಕಬೇಕು.