ಹೆರಿಗೆಯ ದಿನ ಗೊತ್ತುಮಾಡುವುದು ಹೊಟ್ಟೆಯೊಳಗಿನ ಮರಿ



ನಿಮ್ಮಲ್ಲಿ ಹಲವರ ಮನೆಯಲ್ಲಿ ಹಸುಗಳ ಜೊತೆಗೆ ನಾಲ್ಕಾರು ಕುರಿಗಳೂ ಇರುತ್ತವೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಸಂಘದ ಸದಸ್ಯೆಯೊಬ್ಬರು ಅಂಥ ಒಂದು ಕುರಿಯನ್ನು ಚಿಕಿತ್ಸಾ ಶಿಬಿರಕ್ಕೆ ಹಿಡಿದು ತಂದಿದ್ದರು. ಮುಂಗಾಲಿನ ಕೀಲು ಊದಿ ಕುಂಟುತ್ತಿತ್ತು. ಹಿಂದೆ ಇನ್ನೂ ಇಪ್ಪತ್ತು ರಾಸುಗಳು ಕಾದಿದ್ದವು. ಊತ ಇಳಿಯಲೆಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟೆ. ಗಬ್ಬವೇ ಎಂದು ಕೇಳಲಿಲ್ಲ. ಬಗ್ಗಿ ಕೆಚ್ಚಲು ನೋಡಿದ್ದರೂ ಗೊತ್ತಾಗುತ್ತಿತ್ತು, ಅದನ್ನೂ ಮಾಡಲಿಲ್ಲ. ಮೂರನೇ ದಿನ ಅವರಿಂದ ಫೋನು ಬಂತು: "ಡಾಕ್ಟ್ರೇ, ಕಾಲು ವಾಸಿಯಾಯ್ತು. ಆದ್ರೆ ಕುರಿ ಮರಿ ಹಾಕ್ಬಿಡ್ತು. ಇನ್ನೂ ಹತ್ತು ದಿನ ಇತ್ತಲ್ಲ?" ಎರಡು ಮರಿಗಳಲ್ಲಿ ಒಂದು ಎದ್ದು ನಿಲ್ಲಲೇ ಇಲ್ಲ.

ಯಾಕೆ ಹೀಗಾಯಿತು ಎಂಬುದು ನಿಮಗೆ ಗೊತ್ತಿರಬೇಕು.

ನಾಯಿ ಅಟ್ಟಿಸಿಕೊಂಡು ಬಂದಾಗ, ಮಂದೆಯಿಂದ ಬೇರೆ ಮಾಡಿದಾಗ, ಲಾರಿಗೆ ಹತ್ತಿಸಿದಾಗ ಕುರಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಒತ್ತಡದ ಹಾರ್ಮೋನು ಎನ್ನುವುದು ಇದನ್ನೇ. ಗಬ್ಬದ ಕುರಿಯಲ್ಲಿ ಇದಕ್ಕೆ ಇನ್ನೊಂದು ದೊಡ್ಡ ಕೆಲಸವಿದೆ. ಕುರಿ ಸುಮಾರು 150 ದಿನ ಗಬ್ಬ ಇರುತ್ತದೆ. ಕೊನೆಯ ಹತ್ತು ಹದಿನೈದು ದಿನಗಳಲ್ಲಿ ಹೊಟ್ಟೆಯೊಳಗಿನ ಮರಿಯೇ ತನ್ನ ಕಾರ್ಟಿಸಾಲನ್ನು ಏರಿಸಿಕೊಳ್ಳುತ್ತದೆ. ಅದರಿಂದ ಮರಿಯ ಶ್ವಾಸಕೋಶ ಬಲಿಯುತ್ತದೆ. ಜೊತೆಗೆ, ಗರ್ಭವನ್ನು ಹಿಡಿದಿಟ್ಟಿದ್ದ ಪ್ರೊಜೆಸ್ಟಿರಾನ್ ಕುಗ್ಗಿ ಈಸ್ಟ್ರೋಜನ್ ಹೆಚ್ಚುತ್ತದೆ, ನೋವು ಶುರುವಾಗುತ್ತದೆ. ಅಂದರೆ 'ನಾನು ತಯಾರು' ಎಂದು ಹೇಳುವುದು ಮರಿ, ತಾಯಿಯಲ್ಲ.

ಅಮೆರಿಕದ ಐಡಾಹೋ ಬೆಟ್ಟಗಳಲ್ಲಿ ಕುರಿಗಳು ಒಂಟಿಕಣ್ಣಿನ ಮರಿ ಹಾಕುತ್ತಿದ್ದವು. ಗಬ್ಬವಾದ 14ನೇ ದಿನದ ಹೊತ್ತಿಗೆ ವೆರಾಟ್ರಮ್ ಎಂಬ ಕಾಡುಗಿಡ ಮೇಯ್ದದ್ದೇ ಇದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. ಅಂಥ ಮರಿ ಹೊತ್ತ ಕೆಲವು ಕುರಿಗಳು ದಿನ ತುಂಬಿದರೂ ಈಯುತ್ತಿರಲಿಲ್ಲ. ಕಾರ್ಟಿಸಾಲ್ ಏರಿಸಲು ಬೇಕಾದ ಪಿಟ್ಯುಟರಿ ಗ್ರಂಥಿಯೇ ಆ ಮರಿಗಳ ಮಿದುಳಿನಲ್ಲಿ ಸರಿಯಾಗಿ ಬೆಳೆದಿರಲಿಲ್ಲ. 1960ರ ದಶಕದಲ್ಲಿ ನ್ಯೂಜಿಲೆಂಡಿನ ಹೆರಿಗೆ ವೈದ್ಯ ಗ್ರಹಾಂ ಲಿಗ್ಗಿನ್ಸ್ ಗರ್ಭದೊಳಗಿನ ಕುರಿಮರಿಗೇ ಈ ಬಗೆಯ ಹಾರ್ಮೋನು ಕೊಟ್ಟು ನೋಡಿದರು. ಕುರಿ ಅವಧಿಗೆ ಮುಂಚೆ ಈಯಿತು. ಬದುಕುವುದಿಲ್ಲ ಎಂದುಕೊಂಡಿದ್ದ ಮರಿ ಉಸಿರಾಡುತ್ತಿತ್ತು! ಅದರಿಂದ ಹುಟ್ಟಿದ ಚಿಕಿತ್ಸೆಯನ್ನು ಅವರೂ ರಾಸ್ ಹೋವಿ ಎಂಬ ಮಕ್ಕಳ ವೈದ್ಯರೂ 1972ರಲ್ಲಿ ಪ್ರಕಟಿಸಿದರು. ನಿಮ್ಮ ಮಗಳಿಗೋ ಸೊಸೆಗೋ ದಿನ ತುಂಬುವ ಮುಂಚೆ ನೋವು ಬಂದಾಗ, ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್ ಕೊಟ್ಟದ್ದು ನೆನಪಿರಬಹುದು. ಅದೂ ಸಾಮಾನ್ಯವಾಗಿ ಇದೇ ಡೆಕ್ಸಾಮೆಥಾಸೋನ್. ಹೆಂಗಸರಲ್ಲಿ ಇದರಿಂದ ಹೆರಿಗೆ ಶುರುವಾಗುವುದಿಲ್ಲ, ಹೆದರಬೇಡಿ. ದಿನ ಹತ್ತಿರವಾದ ಕುರಿಯಲ್ಲಿ, ಹಸುವಿನಲ್ಲಿ ಶುರುವಾಗುತ್ತದೆ.

ಕೊನೆಯ ತಿಂಗಳ ಹಸುವಿಗೆ ಈ ಇಂಜೆಕ್ಷನ್ ಬಿದ್ದರೆ ಎರಡು ಮೂರು ದಿನಗಳಲ್ಲಿ ಕರು ಹಾಕಿಬಿಡಬಹುದು. ಹಾಗೆ ಈದ ಹಸುಗಳಲ್ಲಿ ಎಷ್ಟೋ ಸಲ ಕಸ ಬೀಳುವುದಿಲ್ಲ. ಗರ್ಭಕೋಶಕ್ಕೆ ಸೋಂಕಾಗಿ, ಹಾಲೂ ಹೋಗಿ, ಮತ್ತೆ ಗಬ್ಬ ಕಟ್ಟುವುದೂ ತಡವಾಗುತ್ತದೆ. ತಾಯಿಯ ಜೀವ ಉಳಿಸಲು ನಾವೇ ಬೇಕೆಂದು ಕೊಡುವ ಸಂದರ್ಭಗಳೂ ಇವೆ. ಆದರೆ ಅದು ಗೊತ್ತಿದ್ದು ಕೊಡುವ ಮಾತು.

ಆದ್ದರಿಂದ ಜ್ವರವಿರಲಿ, ಊತವಿರಲಿ, ತುರಿಕೆಯಿರಲಿ, ರಾಸನ್ನು ತೋರಿಸುವಾಗ ನಾವು ಕೇಳುವ ಮೊದಲೇ "ಗಬ್ಬ, ಇಷ್ಟು ತಿಂಗಳು" ಎಂದುಬಿಡಿ. ಹಸುವಿನ ಕೃತಕ ಗರ್ಭಧಾರಣೆಯ ಚೀಟಿಯನ್ನು ಎತ್ತಿಡುತ್ತೀರಿ, ಟಗರು ಬಿಟ್ಟ ದಿನವನ್ನು ಮಾತ್ರ ಯಾರೂ ಬರೆಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೂ ಸಾಕು. ಊತಕ್ಕೂ ನೋವಿಗೂ ಸ್ಟೀರಾಯ್ಡ್ ಅಲ್ಲದ ಔಷಧಿಗಳಿವೆ. ಏನೂ ಕೇಳದೆ ಯಾರಾದರೂ ಸೂಜಿ ಎತ್ತಿದರೆ ತಡೆದು ಸೀಸೆ ತೋರಿಸಲು ಹೇಳಿ, ಅದು ನಾನಾಗಿದ್ದರೂ ಸರಿ.

ಅದೇ ಸದಸ್ಯೆ ಈಗಲೂ ಶಿಬಿರಕ್ಕೆ ಬರುತ್ತಾರೆ. ಹಗ್ಗ ಕಟ್ಟುವ ಮೊದಲೇ ದೂರದಿಂದ ಕೂಗುತ್ತಾರೆ: "ನಾಲ್ಕು ತಿಂಗಳು, ಡಾಕ್ಟ್ರೇ!"